ಹಾಡಿನ ಎಲ್ಲೆ ಮತ್ತು ಸಂಪಾದಕನ ಕತ್ತರಿ: ದೀರ್ಘ ಧ್ವನಿಮುದ್ರಣಗಳ ವಿಭಜನೆಯನ್ನು ಕುರಿತು

ಕನ್ನಡ ಜಾನಪದ ಅಧ್ಯಯನದಲ್ಲಿ ಸಂಗ್ರಹ, ವರ್ಗೀಕರಣ, ವಿಶ್ಲೇಷಣೆ ಎಂಬ ಮೂರು ಹಂತಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಸಂಗ್ರಹಕ್ಕೂ ವರ್ಗೀಕರಣಕ್ಕೂ ನಡುವೆ ಇರುವ ಇನ್ನೊಂದು ಹಂತ ಮಾತ್ರ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಇಡೀ ರಾತ್ರಿ ನಡೆದ ಪ್ರದರ್ಶನದ ಧ್ವನಿಮುದ್ರಣವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಿಡಿಬಿಡಿ ಹಾಡುಗಳಾಗಿ ತುಂಡರಿಸುವ ಕೆಲಸವೇ ಆ ಹಂತ. ಸಾಮಾನ್ಯವಾಗಿ ಇದನ್ನು ತಾಂತ್ರಿಕ ಕೆಲಸವೆಂದು ಭಾವಿಸಿ ಸ್ಟುಡಿಯೋದವರಿಗೋ ಕಂಪ್ಯೂಟರ್ ಬಲ್ಲ ಗೆಳೆಯರಿಗೋ ಒಪ್ಪಿಸಿಬಿಡುತ್ತೇವೆ. ಪಿಎಚ್.ಡಿ. ಪ್ರಬಂಧದ ಅಧ್ಯಯನ ವಿಧಾನದ ಅಧ್ಯಾಯದಲ್ಲಿ ಇದರ ಪ್ರಸ್ತಾಪ ಬರುವುದು ವಿರಳ. ಅನುಬಂಧದಲ್ಲಿ ಹಾಡುಗಳು ಒಂದು, ಎರಡು, ಮೂರು ಎಂದು ಅಂಕೆ ಹೊತ್ತು ಸಾಲಾಗಿ ನಿಲ್ಲುತ್ತವೆ. ಆ ಹಾಡು ಅಲ್ಲಿಯೇ ಆರಂಭವಾಯಿತು, ಇಲ್ಲಿಯೇ ಮುಗಿಯಿತು ಎಂದು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ.

ಧ್ವನಿಮುದ್ರಣದ ವಿಭಜನೆಯೂ ಸಂಪಾದನೆಯೇ. ಆದ್ದರಿಂದ ಗ್ರಂಥಸಂಪಾದನೆಗೆ ನಾವು ವಿಧಿಸಿಕೊಂಡಿರುವ ಶಿಸ್ತು ಇದಕ್ಕೂ ಅನ್ವಯವಾಗಬೇಕು ಎಂಬುದು ಪ್ರಸ್ತುತ ಲೇಖನದ ವಾದ. ಈ ವಾದಕ್ಕೆ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಸುಗ್ಗಿ ಕುಣಿತ ಹಾಗೂ ಪೌರಾಣಿಕ ನಾಟಕಗಳನ್ನು ಮುಖ್ಯ ನಿದರ್ಶನಗಳಾಗಿ ಇಟ್ಟುಕೊಳ್ಳಲಾಗಿದೆ.

ವಿಭಜನೆಯ ಪೂರ್ವೇತಿಹಾಸ

ಹಾಡನ್ನು ಅದರ ಓಟದಿಂದ ಬಿಡಿಸಿ ಇಡುವ ಕೆಲಸ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ತ್ರಿಪದಿಗಳು ವಿಷಯಾನುಸಾರ ಗುಂಪುಗೂಡಿವೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ಮನಸ್ಸು ದೇವರಿಂದ ತವರಿಗೆ, ತವರಿನಿಂದ ಕೂಸಿಗೆ, ಕೂಸಿನಿಂದ ಮತ್ತೆ ಅಣ್ಣನಿಗೆ ಹೊರಳುತ್ತದೆ. ಅಚ್ಚಿನ ಪುಟದಲ್ಲಿ ಆ ಹೊರಳು ಶೀರ್ಷಿಕೆಗಳ ಕೆಳಗೆ ಹಂಚಿಹೋಯಿತು. ಅದರಿಂದ ಕನ್ನಡಕ್ಕೆ ಆದ ಲಾಭ ಸಣ್ಣದಲ್ಲ. ತ್ರಿಪದಿಯ ಸೊಗಸನ್ನು ಶಿಷ್ಟ ಓದುಗ ಮನಗಂಡದ್ದು ಆ ಪುಸ್ತಕದಿಂದ. ಹಾಗಿದ್ದೂ ಒಂದು ಬೆಳಗಿನ ಬೀಸುವಿಕೆಯಲ್ಲಿ ಯಾವ ತ್ರಿಪದಿಯ ಬೆನ್ನಿಗೆ ಯಾವುದು ಬರುತ್ತಿತ್ತು ಎಂದು ತಿಳಿಯಬಯಸುವ ಇಂದಿನ ಸಂಶೋಧಕನಿಗೆ ಅಂಥ ವಿಂಗಡಣೆಯಲ್ಲಿ ಉತ್ತರ ಸಿಗುವುದಿಲ್ಲ.

ಅಚ್ಚಿನ ಜೊತೆಜೊತೆಗೇ ಗ್ರಾಮಾಫೋನ್ ತನ್ನ ಅಳತೆಯನ್ನು ಹಾಡಿನ ಮೇಲೆ ಹೇರಿತು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಗಾಯನ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ್ದು ಪ್ರಸಿದ್ಧ. ನಮ್ಮ ವಚನ, ಕೀರ್ತನೆಗಳಲ್ಲಿ ಅಂಕಿತ ಮಾಡುವ ಕೆಲಸವನ್ನೇ ಆ ಕೂಗು ಮಾಡಿತು; ಹಾಡು ಇಲ್ಲಿಗೆ ಮುಗಿಯಿತು, ಇದು ಇಂಥವರದು ಎಂದು ಸಾರಿತು. ಕ್ಯಾಸೆಟ್ಟಿನ ಕಾಲದಲ್ಲಿ ಅಳತೆ ಹಿಗ್ಗಿತು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ನಿಮಿಷ, 90 ನಿಮಿಷದ್ದಕ್ಕೆ 45 ನಿಮಿಷ. ಕ್ಷೇತ್ರಕಾರ್ಯದಲ್ಲಿ ಟೇಪನ್ನು ಮಗುಚಿ ಹಾಕುವಷ್ಟರಲ್ಲಿ ಜಾರಿಹೋದ ಸಾಲುಗಳು ನಮ್ಮ ವಿಭಾಗಗಳ ಕಪಾಟುಗಳಲ್ಲಿರುವ ಕ್ಯಾಸೆಟ್ಟುಗಳಲ್ಲೆಲ್ಲ ಇವೆ. ಓಲೆಗರಿಯಲ್ಲಿ ಇಂಥ ಎಡೆ ಕಂಡರೆ ‘ಗ್ರಂಥಪಾತ’ ಎಂದು ಗುರುತು ಹಾಕದೆ ಮುಂದೆ ಹೋಗುವ ಸಂಪಾದಕನಿಲ್ಲ. ಟೇಪಿನ ಎಡೆಗೆ ಆ ಮರ್ಯಾದೆ ಸಿಕ್ಕಿಲ್ಲ.

ಇಂದಿನ ಡಿಜಿಟಲ್ ಧ್ವನಿಮುದ್ರಕ ಮಿತಿಯಿಲ್ಲದ್ದು ಎಂಬ ನಂಬಿಕೆ ಇದೆ. ಇದು ಪೂರ್ತಿ ನಿಜವಲ್ಲ. ಸಾಮಾನ್ಯ ವೇವ್ ಕಡತದ ಗಾತ್ರ 4 ಗಿಗಾಬೈಟನ್ನು ಮೀರಲಾರದು. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಕ್ರಮದಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 17 ಮೆಗಾಬೈಟ್ ಬೇಕು. ಎಂದರೆ 4 ಗಂಟೆಗೆ ತುಸು ಮೇಲಾಗುವಷ್ಟರಲ್ಲಿ ಕಡತ ತುಂಬುತ್ತದೆ. ರಾತ್ರಿ ಒಂಬತ್ತಕ್ಕೆ ಆರಂಭವಾದ ನಾಟಕವನ್ನು ಯಂತ್ರ ತಾನಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ತುಂಡರಿಸಿ ಎರಡನೆಯ ಕಡತ ತೆರೆಯುತ್ತದೆ. ಆ ಹೊತ್ತಿನಲ್ಲಿ ದುರ್ಯೋಧನನ ಹಾಡು ಅರ್ಧಕ್ಕೆ ಬಂದಿದೆಯೇ ಎಂಬುದು ಅದಕ್ಕೆ ಬೇಕಿಲ್ಲ.

ಮಾಧ್ಯಮ ಯಾವುದಿದ್ದರೂ ತನ್ನ ಅಳತೆಗೆ ತಕ್ಕಂತೆ ಹಾಡನ್ನು ಕತ್ತರಿಸಿದೆ. ಈ ಸಂದರ್ಭದಲ್ಲಿ ಸಕಲೇಶಪುರದಲ್ಲಿ ಹುಟ್ಟಿ, ‘ಜಾನಪದ ಜಂಗಮ’ ಎಂದು ಹೆಸರಾಗಿ, 2006ರಲ್ಲಿ ತೀರಿಕೊಂಡ ಎಸ್.ಕೆ.ಕರೀಂಖಾನರನ್ನು ನೆನೆಯುವುದು ಉಚಿತ. ಅವರ ಭಂಡಾರ ಅವರ ನೆನಪೇ ಆಗಿತ್ತು. ಸಭೆಯಲ್ಲಿ ಹಾಡಿ, ಹಾಡಿನ ಸಂದರ್ಭವನ್ನೂ ಬಿಡಿಸಿ ಹೇಳುವ ಕ್ರಮದಲ್ಲಿ ಹಾಡು ಒಂಟಿಯಾಗಿ ಬರುತ್ತಿರಲಿಲ್ಲ. ಆ ನೆನಪಿನ ಜಾಗದಲ್ಲಿ ಈಗ ಹಾರ್ಡ್ ಡಿಸ್ಕ್ ಕುಳಿತಿದೆ. ಹಾಡಿನ ಜೊತೆಗೆ ಸಂದರ್ಭವನ್ನೂ ಇಟ್ಟುಕೊಳ್ಳುವ ಹೊಣೆ ಈಗ ಅದನ್ನು ಬಳಸುವವರದು.

ಸುಗ್ಗಿಯಲ್ಲಿ ಮೌನವೆಲ್ಲಿದೆ?

ಬಯಲುಸೀಮೆಯಲ್ಲಿ ಸುಗ್ಗಿ ಎಂದರೆ ಪೈರು ಕೊಯ್ದು ರಾಶಿ ಮಾಡುವ ಕಾಲ. ಹೆತ್ತೂರು, ಯಸಳೂರು ಕಡೆಯ ಮಲೆನಾಡು ಹಳ್ಳಿಗಳಲ್ಲಿ ಸುಗ್ಗಿ ಎಂದರೆ ಯುಗಾದಿಯ ಆಸುಪಾಸಿನಿಂದ ಬೇಸಗೆಯ ದಿನಗಳಲ್ಲಿ ಗ್ರಾಮದೇವತೆಯ ಹೆಸರಿನಲ್ಲಿ ನಡೆಯುವ ಹಲವು ದಿನಗಳ ಆಚರಣೆ. ಊರಿಂದ ಊರಿಗೆ ಕಟ್ಟುಪಾಡು ಬೇರೆ, ದಿನಗಳ ಲೆಕ್ಕ ಬೇರೆ. ಸುತ್ತುಗಟ್ಟಿ ಕುಣಿಯುವುದು ಅದರ ಜೀವ. ಮುಂದಾಳು ಸೊಲ್ಲು ಎತ್ತುತ್ತಾನೆ, ಉಳಿದವರು ಹಿಡಿದು ತಿರುಗಿಸುತ್ತಾರೆ. ಹಿಂದಿನ ಸೊಲ್ಲು ಮುಗಿಯುವ ಮುನ್ನವೇ ಮುಂದಿನದು ಅದರ ಮೇಲೆ ಬಂದು ಕೂರುತ್ತದೆ.

ಈ ಬಗೆಯ ಧ್ವನಿಮುದ್ರಣವನ್ನು ಹಾಡುಗಳಾಗಿ ಬಿಡಿಸಲು ಹೊರಟವನಿಗೆ ತಂತ್ರಾಂಶವು ಒಂದು ಸುಲಭೋಪಾಯವನ್ನು ಒದಗಿಸುತ್ತದೆ. ಶಬ್ದದ ಮಟ್ಟ ಇಷ್ಟು ಡೆಸಿಬಲ್ಲಿಗಿಂತ ಕೆಳಗಿಳಿದು ಇಷ್ಟು ಕ್ಷಣ ಅಲ್ಲಿಯೇ ಉಳಿದರೆ ಅದನ್ನು ಮೌನವೆಂದು ಎಣಿಸಿ ಗುರುತು ಹಾಕು ಎಂದು ಅದಕ್ಕೆ ಹೇಳಬಹುದು. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿಯೂ ಈ ಸೌಲಭ್ಯವಿದೆ. ಸ್ಟುಡಿಯೋದಲ್ಲಿ ಒಂದರ ನಂತರ ಒಂದರಂತೆ ಹಾಡಿದ ಭಾವಗೀತೆಗಳಿಗೆ ಇದು ಒಪ್ಪುತ್ತದೆ. ಸುಗ್ಗಿಗೆ ಒಪ್ಪುವುದಿಲ್ಲ. ಅಲ್ಲಿ ಹಾಡು ನಿಂತಾಗ ವಾದ್ಯ ನಿಂತಿರುವುದಿಲ್ಲ. ವಾದ್ಯ ನಿಂತಾಗ ನೆರೆದವರ ಮಾತು ನಿಂತಿರುವುದಿಲ್ಲ. ಮಾತೂ ತಗ್ಗಿದಾಗ ಕಾಡಿನ ಜೀರುಂಡೆಯ ಸದ್ದು ಮೇಲೇಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಮುಂದಾಳು ಸೊಲ್ಲಿನ ನಡುವೆ ಉಸಿರೆಳೆದುಕೊಳ್ಳುವ, ಸಾಲು ನೆನಪಿಸಿಕೊಳ್ಳುವ ಗಳಿಗೆಯಲ್ಲಿ ಒಮ್ಮೊಮ್ಮೆ ನಿಜವಾದ ಮೌನ ಇರುತ್ತದೆ. ಯಂತ್ರ ಅಲ್ಲಿ ಕತ್ತರಿ ಆಡಿಸುತ್ತದೆ. ಸಂಗೀತ ಕಚೇರಿಯ ಧ್ವನಿಮುದ್ರಣದಲ್ಲಿಯೂ ಇದೇ ತೊಡಕು. ತಂಬೂರಿ ಎಂದೂ ನಿಲ್ಲುವುದಿಲ್ಲ. ಎರಡು ಕೃತಿಗಳ ನಡುವಣ ಚಪ್ಪಾಳೆ ಕೃತಿಗಿಂತ ಜೋರು. ಆಲಾಪನೆಯ ಒಳಗಿನ ವಿರಾಮವೇ ಇಡೀ ಕಚೇರಿಯ ಅತಿ ಮೆಲುವಾದ ಭಾಗವಾಗಿರಬಹುದು. ಎಲ್ಲೆಯನ್ನು ಯಂತ್ರ ಸದ್ದಿನ ಮಟ್ಟದಿಂದ ಅರಿಯುತ್ತದೆ, ಕೇಳುವವರು ಅರ್ಥದಿಂದ ಅರಿಯುತ್ತಾರೆ.

ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಎರಡು ಹಾಡುಗಳ ನಡುವೆ ಇರುವುದನ್ನು ನಾವು ‘ಗದ್ದಲ’ ಎಂದು ಕತ್ತರಿಸಿ ಎಸೆಯುತ್ತೇವೆ. ಅಲ್ಲಿ ನಡೆಯುವುದೇನು? ಮುಂದೆ ಯಾವುದನ್ನು ಎತ್ತಬೇಕೆಂಬ ಚರ್ಚೆ, ಈ ಹೊತ್ತಿಗೆ ಅದು ಸಲ್ಲದು ಎಂಬ ಹಿರಿಯರ ತಡೆ, ಸಾಲು ತಪ್ಪಿದ ಎಳೆಯನಿಗೆ ತಿದ್ದುಪಡಿ, ಆಚೆ ಊರಿನವರು ಹೇಗೆ ಹಾಡುತ್ತಾರೆ ಎಂಬ ಹೋಲಿಕೆ. ಪ್ರದರ್ಶನ, ಸಂದರ್ಭ, ಜನರ ಸ್ವಂತ ವಿಮರ್ಶೆ ಎಂದು ನಮ್ಮ ಪ್ರಬಂಧಗಳಲ್ಲಿ ಪುಟಗಟ್ಟಲೆ ಬರೆಯುವ ನಾವು, ಅದಕ್ಕೆ ಆಧಾರವಾದ ಆಕರವನ್ನೇ ಬುಟ್ಟಿಗೆ ಹಾಕುತ್ತಿರುವುದು ವಿಪರ್ಯಾಸವಲ್ಲವೇ?

‘ಒನ್ಸ್ ಮೋರ್’ ಎಂಬ ಪಾಠಾಂತರ

ಸುಗ್ಗಿಯ ಎಲ್ಲೆ ಮಸುಕಾದದ್ದು. ಪೌರಾಣಿಕ ನಾಟಕದ ಎಲ್ಲೆ ಸ್ಪಷ್ಟವಾದದ್ದು ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ದಂಥ ನಾಟಕಗಳಿಗೆ ಅಚ್ಚಾದ ಪುಸ್ತಕವಿದೆ, ರಂಗಗೀತೆಗಳಿಗೆ ಮೊದಲು ಕೊನೆ ಇದೆ. ಪುಸ್ತಕ ಮುಂದಿಟ್ಟುಕೊಂಡು ಹಾಡುಗಳನ್ನು ಬಿಡಿಸಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ನೋಡುಗರು ‘ಒನ್ಸ್ ಮೋರ್’ ಎಂದು ಕೂಗಿದ ಕೂಡಲೇ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ, ಪಾತ್ರಧಾರಿ ಹಾಡನ್ನು ಮತ್ತೆ ಎತ್ತುತ್ತಾನೆ. ಎರಡನೆಯ ಸಲ ಹಾಡಿದ್ದು ಮೊದಲಿನದರ ಪಡಿಯಚ್ಚಲ್ಲ. ಅಲ್ಲಿ ಸಂಗತಿಗಳು ಹೆಚ್ಚಾಗುತ್ತವೆ, ಕೊನೆಯ ಸಾಲು ಉದ್ದವಾಗುತ್ತದೆ, ಕೆಲವೊಮ್ಮೆ ಮಾತೂ ಬದಲಾಗುತ್ತದೆ. ನಡುವೆ ಧ್ವನಿವರ್ಧಕದಲ್ಲಿ ಬಹುಮಾನ ಕೊಟ್ಟವರ ಹೆಸರು ಕೇಳಿಬರುತ್ತದೆ. ಬಿಡಿ ಹಾಡುಗಳನ್ನು ತೆಗೆಯುವವನು ಎರಡರಲ್ಲಿ ‘ಚೆನ್ನಾಗಿ ಬಂದದ್ದನ್ನು’ ಉಳಿಸಿಕೊಂಡು ಮತ್ತೊಂದನ್ನು ಪುನರಾವರ್ತನೆ ಎಂದು ಅಳಿಸುತ್ತಾನೆ. ಒಂದೇ ಕೃತಿಯ ಎರಡು ಓಲೆಪ್ರತಿಗಳಲ್ಲಿ ಒಂದನ್ನು ಓದಿದ ಮೇಲೆ ಇನ್ನೊಂದನ್ನು ಸುಟ್ಟುಹಾಕುವ ಸಂಪಾದಕನನ್ನು ನಾವು ಏನೆನ್ನುತ್ತೇವೆ? ಒಂದೇ ರಾತ್ರಿ, ಒಬ್ಬನೇ ಗಾಯಕ, ಒಂದೇ ರಂಗ, ಎರಡು ಪಾಠ. ಮೌಖಿಕ ಪಠ್ಯದ ಚಲನಶೀಲತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಆ ಕೂಗು ಕೂಡ ಸಾಕ್ಷ್ಯವೇ. ಯಾವ ಹಾಡಿಗೆ ಊರು ಮನಸೋತಿತು ಎಂಬುದನ್ನು ಅಂದಿನ ಸಭೆಯೇ ಅಲ್ಲಿ ದಾಖಲಿಸಿದೆ. ಘಟ್ಟ ಹತ್ತಿ ಬರುವ ಯಕ್ಷಗಾನ ಮೇಳಗಳ ಆಟದಲ್ಲಿ ಪದಗಳನ್ನಷ್ಟೇ ಆಯ್ದು ಅರ್ಥಗಾರಿಕೆಯನ್ನು ಬಿಟ್ಟಾಗಲೂ ಇದೇ ಬಗೆಯ ನಷ್ಟವಾಗುತ್ತದೆ.

ಹಾಡುಗಾರರ ಅಳತೆಗೋಲು

ಇಷ್ಟು ಹೇಳಿದ ಮಾತ್ರಕ್ಕೆ ಪ್ರದರ್ಶನವೆಲ್ಲ ಅಖಂಡವಾದದ್ದು, ಅದನ್ನು ಮುಟ್ಟಲೇಬಾರದು ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಆಲೂರು ತಾಲ್ಲೂಕಿನ ಹೊಸಕೋಟೆಯ ಕೆಂಚಮ್ಮನನ್ನೂ ಹೇಮಾವತಿಯನ್ನೂ ನೆನಪಿಸುವ ದೇವತೆ ಮತ್ತು ಹೊಳೆ ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರ 1938ರ ‘ಕಾಂತಾಪುರ’ದಲ್ಲಿವೆ. ಅಲ್ಲಿ ಊರಿನ ಅಜ್ಜಿಯೊಬ್ಬಳು ಕಥೆಯನ್ನು ಎಡೆಬಿಡದೆ ಹೇಳುತ್ತ ಹೋಗುವ ಧಾಟಿಯನ್ನು ಓದಿದವರಿಗೆ ಮೌಖಿಕತೆ ಎಂದರೆ ತಡೆಯಿಲ್ಲದ ಹರಿವು ಎಂದು ತೋರಬಹುದು. ವಾಸ್ತವದಲ್ಲಿ ಹಾಡುಗಾರರೂ ಕತ್ತರಿಸುತ್ತಾರೆ, ತಮ್ಮದೇ ಅಳತೆಗೋಲಿನಿಂದ.

ಮಲೆಮಹದೇಶ್ವರ ಕಾವ್ಯ ಇದಕ್ಕೆ ಉತ್ತಮ ಉದಾಹರಣೆ. ಕಂಸಾಳೆಯ ದೇವರಗುಡ್ಡರು ಕಾವ್ಯವನ್ನು ‘ಸಾಲು’ಗಳಾಗಿ ವಿಂಗಡಿಸಿಕೊಂಡಿದ್ದಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂಬ ಹೆಸರುಗಳು ವಿದ್ವಾಂಸರು ಇಟ್ಟವಲ್ಲ. ಸಾಲಿಗೆ ಮೊದಲಿದೆ, ಕೊನೆಯಿದೆ. ಒಂದು ಸಾಲನ್ನಷ್ಟೇ ಹಾಡಿಸುವ ರೂಢಿಯೂ ಇದೆ. ಇಂಥ ಕಡೆ ಧ್ವನಿಮುದ್ರಣವನ್ನು ಸಾಲುಗಳಾಗಿ ಬಿಡಿಸಿದರೆ ಅದು ಪರಂಪರೆಗೆ ಮಾಡಿದ ಅಪಚಾರವಾಗುವುದಿಲ್ಲ, ಪರಂಪರೆಯನ್ನು ಅನುಸರಿಸಿದಂತಾಗುತ್ತದೆ. ಪ್ರತಿ ಮೂರು ನಿಮಿಷಕ್ಕೊಂದು ಕಡತ ಮಾಡಿ ‘ಮಾದಪ್ಪನ ಹಾಡು – 7’ ಎಂದು ಹೆಸರಿಡುವುದು ಬೇರೆಯ ಮಾತು.

1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ಬಿ.ಎ.ವಿವೇಕ ರೈ, ಕೆ.ಚಿನ್ನಪ್ಪ ಗೌಡ ಮೊದಲಾದವರ ತಂಡ ಹಲವು ದಿನಗಳಲ್ಲಿ ಪೂರ್ತಿಯಾಗಿ ದಾಖಲಿಸಿತು. 1998ರಲ್ಲಿ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಅದರ ಜೊತೆಗೇ ಪ್ರಕಟವಾದ ಹಾಂಕೊ ಅವರ ಅಧ್ಯಯನ ಗ್ರಂಥವು ಹಾಡು ಬರಹದ ಪಠ್ಯವಾಗುವ ಪ್ರಕ್ರಿಯೆಯನ್ನೇ ವಸ್ತುವಾಗಿ ಇಟ್ಟುಕೊಂಡಿದೆ. ಪಠ್ಯದಷ್ಟೇ, ಪಠ್ಯ ಸಿದ್ಧವಾದ ಬಗೆಯೂ ಓದುಗನಿಗೆ ತಿಳಿಯಬೇಕು ಎಂಬ ನಿಲುವು ಅದು. ಇನ್ನೂ ಹಿಂದಕ್ಕೆ ಹೋದರೆ, 1930ರ ದಶಕದಲ್ಲಿ ಯುಗೊಸ್ಲಾವಿಯಾದ ಕಥನಗಾಯಕರನ್ನು ದಾಖಲಿಸಿದ ಮಿಲ್ಮನ್ ಪ್ಯಾರಿ ಎರಡು ತಿರುಗುತಟ್ಟೆಗಳ ಯಂತ್ರವೊಂದನ್ನು ಬಳಸಿದ. ಒಂದು ತಟ್ಟೆ ತುಂಬುತ್ತಿದ್ದಂತೆ ಇನ್ನೊಂದರ ಮೇಲೆ ಮುದ್ರಣ ಮುಂದುವರಿಯುತ್ತಿತ್ತು, ಗಾಯಕನನ್ನು ನಿಲ್ಲಿಸಬೇಕಾಗುತ್ತಿರಲಿಲ್ಲ. ಹಾಡಿನ ಓಟಕ್ಕೆ ಯಂತ್ರವೇ ಹೊಂದಿಕೊಳ್ಳಬೇಕು ಎಂಬ ಎಚ್ಚರ ಅವನಿಗಿತ್ತು. ಅಷ್ಟು ತೊಡಕಿಲ್ಲದ ಸಾಧನಗಳು ನಮ್ಮ ಕೈಯಲ್ಲಿರುವಾಗ ಆ ಎಚ್ಚರ ಸಡಿಲವಾಗಬಾರದು.

ಕತ್ತರಿಸುವ ಮೊದಲು ಗುರುತಿಸುವುದು

ಹಾಗಾದರೆ ಮಾಡಬೇಕಾದುದೇನು? ಡಿ.ಎಲ್.ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಉತ್ತರ ಹೊಸದಲ್ಲ. ಓಲೆಗರಿಯಲ್ಲಿ ಪದಗಳ ನಡುವೆ ಎಡೆಯಿಲ್ಲ. ಪದವಿಭಾಗ ಮಾಡುವವನು ಸಂಪಾದಕ. ಅವನು ತಪ್ಪಾಗಿ ಬಿಡಿಸಿದರೂ ಮೂಲಪ್ರತಿ ಉಳಿದಿರುವುದರಿಂದ ಇನ್ನೊಬ್ಬ ಬಂದು ಸರಿಪಡಿಸಬಹುದು. ಧ್ವನಿಮುದ್ರಣದಲ್ಲಿಯೂ ಇದಕ್ಕೆ ಅವಕಾಶ ಇರಬೇಕು.

ಮೊದಲನೆಯದಾಗಿ, ಅಖಂಡ ಕಡತವನ್ನು ಮಾತೃಕೆಯೆಂದು ಭಾವಿಸಿ, ಅದಕ್ಕೆ ಕತ್ತರಿ ತಾಗಿಸದೆ, ಎರಡು ಬೇರೆ ಬೇರೆ ಕಡೆ ಕಾಪಿಡಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಎಸ್ಎ ಸೂಚಿಸುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಆ ಮಟ್ಟದಲ್ಲಿ 8 ಗಂಟೆಯ ಇಡೀ ರಾತ್ರಿಗೆ ಬೇಕಾಗುವುದು 8 ಗಿಗಾಬೈಟಿಗೆ ತುಸು ಹೆಚ್ಚು ಜಾಗ. ಅಂಗಡಿಯಲ್ಲಿ ಸಿಗುವ ಸಾಧಾರಣ ಪೆನ್‌ಡ್ರೈವಿಗೂ ಅದು ಭಾರವಲ್ಲ. ಜಾಗವಿಲ್ಲ ಎಂಬ ನೆಪ ಇನ್ನು ನಿಲ್ಲುವುದಿಲ್ಲ.

ಎರಡನೆಯದಾಗಿ, ವಿಭಜನೆಯನ್ನು ಧ್ವನಿಯ ಮೇಲೆ ಮಾಡದೆ ಧ್ವನಿಯ ಪಕ್ಕದಲ್ಲಿ ಬರೆದಿಡಬೇಕು. ಯಾವ ಹಾಡು ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿಗೆ ಆರಂಭವಾಗಿ ಎಲ್ಲಿ ಮುಗಿಯಿತು ಎಂಬ ಪಟ್ಟಿ ಒಂದು ಸರಳ ಪಠ್ಯ ಕಡತದಲ್ಲಿ ಇದ್ದರೆ ಸಾಕು. ತಂತ್ರಜ್ಞರು ಇದನ್ನು ‘ಕ್ಯೂ ಶೀಟ್’ ಎನ್ನುತ್ತಾರೆ. ಆಡಾಸಿಟಿಯ ‘ಲೇಬಲ್’ಗಳೂ ಇದನ್ನೇ ಮಾಡುತ್ತವೆ. ನೆದರ್ಲೆಂಡ್ಸಿನ ನೈಮೆಗನ್ನಿನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆ ರೂಪಿಸಿದ ‘ಇಲಾನ್’ ಎಂಬ ಉಚಿತ ತಂತ್ರಾಂಶದಲ್ಲಿ ಹಾಡು, ಸೊಲ್ಲು, ನಡುಮಾತು, ಸಭೆಯ ಪ್ರತಿಕ್ರಿಯೆ ಇವುಗಳನ್ನು ಬೇರೆ ಬೇರೆ ಪದರಗಳಲ್ಲಿ, ಕನ್ನಡ ಲಿಪಿಯಲ್ಲಿಯೇ, ಕಾಲಸೂಚಿಯೊಡನೆ ಬರೆಯಬಹುದು. ಹಾಡಿನ ಎಲ್ಲೆಯ ಬಗ್ಗೆ ಇಬ್ಬರು ಸಂಶೋಧಕರಿಗೆ ಭಿನ್ನಾಭಿಪ್ರಾಯವಿದ್ದರೆ ಎರಡು ಪಟ್ಟಿಗಳಿರಲಿ; ಧ್ವನಿ ಒಂದೇ ಇರುತ್ತದೆ.

ಮೂರನೆಯದಾಗಿ, ಬೋಧನೆಗೋ ಪ್ರಕಟಣೆಗೋ ಬಿಡಿ ಕಡತಗಳನ್ನು ತೆಗೆಯಲೇಬೇಕಾದಾಗ ಮಾಧ್ಯಮದ ಸ್ವಭಾವವನ್ನು ತಿಳಿದಿರಬೇಕು. ಆಡಿಯೋ ಸಿ.ಡಿ.ಯಲ್ಲಿ ಸೆಕೆಂಡಿನ 75ನೆಯ ಒಂದು ಭಾಗವೇ ಅತಿ ಚಿಕ್ಕ ಘಟಕ. ಎಂದರೆ 588 ಮಾದರಿಗಳು. ಆ ಗೆರೆಗೆ ಸರಿಯಾಗಿ ಕತ್ತರಿಸದಿದ್ದರೆ ಒಂದರ ಬೆನ್ನಿಗೆ ಒಂದು ನುಡಿಸುವಾಗ ನಡುವೆ ಚಿಟಿಕೆಯಂಥ ಸದ್ದು ಬರುವ ಸಂಭವವಿದೆ. ಸಿ.ಡಿ. ಬರೆಯುವಾಗ ಹಾಡಿನಿಂದ ಹಾಡಿಗೆ 2 ಸೆಕೆಂಡಿನ ಎಡೆ ತಾನಾಗಿ ಸೇರಿಕೊಳ್ಳಬಹುದು. ಎಂಪಿ3 ಮಾಡಿದರೆ ಕಡತದ ಎರಡೂ ತುದಿಗೆ ತುಸು ಮೌನ ಅಂಟುತ್ತದೆ. ಮೂಲದಲ್ಲಿ ಇಲ್ಲದ ಈ ಮೌನ ನಮ್ಮ ಪರಿಭಾಷೆಯಲ್ಲಿ ಪ್ರಕ್ಷಿಪ್ತ. ಹಾಡುಗಾರ ಇಲ್ಲಿ ನಿಲ್ಲಿಸಿದ ಎಂದು ಮುಂದಿನವರು ಅದರ ಮೇಲೆ ಸಿದ್ಧಾಂತ ಕಟ್ಟಿದರೆ ಆಶ್ಚರ್ಯವಿಲ್ಲ.

ನಾಲ್ಕನೆಯದಾಗಿ, ಎಲ್ಲೆ ಗುರುತಿಸುವಾಗಲೂ ಹೆಸರಿಡುವಾಗಲೂ ಹಾಡಿದವರನ್ನು ಕೇಳಬೇಕು. ಧ್ವನಿಮುದ್ರಣವನ್ನು ಅವರ ಮುಂದೆಯೇ ಮತ್ತೆ ನುಡಿಸಿ, ಇದು ಒಂದು ಹಾಡೋ ಎರಡೋ, ನಿಮ್ಮಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ವಿಚಾರಿಸಬೇಕು. ಅನುಮತಿಯ ಪ್ರಶ್ನೆಯೂ ಇಲ್ಲಿ ಸೇರುತ್ತದೆ. ಆಚರಣೆಗೆ ಕಟ್ಟುಬಿದ್ದ ಹಾಡನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡಲು ಹಿಂಜರಿಯುವ ಹಿರಿಯರನ್ನು ಕ್ಷೇತ್ರಕಾರ್ಯ ಮಾಡಿದವರು ಬಲ್ಲರು. ಎಂಟು ಗಂಟೆಯ ಕಡತ ಕೈಯಿಂದ ಕೈಗೆ ಹೋಗುವುದಿಲ್ಲ. ನಾಲ್ಕು ನಿಮಿಷದ ತುಂಡು ಒಂದೇ ದಿನದಲ್ಲಿ ನೂರಾರು ಮೊಬೈಲುಗಳಿಗೆ ಹರಿಯುತ್ತದೆ. ಧ್ವನಿಮುದ್ರಣಕ್ಕೆ ಒಪ್ಪಿದವರು ಆ ತುಂಡಿಗೂ ಒಪ್ಪಿದ್ದಾರೆ ಎಂದು ನಾವೇ ಊಹಿಸಿಕೊಳ್ಳಬಾರದು.

ವಿಭಾಗಗಳ ಹೊಣೆ

ಈ ವಾದಕ್ಕೆ ಎದುರಾಗುವ ಆಕ್ಷೇಪಗಳನ್ನು ಊಹಿಸಬಹುದು. ಎಂಟು ಗಂಟೆಯ ಧ್ವನಿಮುದ್ರಣವನ್ನು ಯಾರು ಕೇಳುತ್ತಾರೆ? ಬಿ.ಎ. ತರಗತಿಯ ಐವತ್ತು ನಿಮಿಷದಲ್ಲಿ ಅಧ್ಯಾಪಕರಿಗೆ ಬೇಕಿರುವುದು ಒಂದು ಹಾಡು ತಾನೇ? ಪ್ರಶ್ನೆ ನ್ಯಾಯವಾದದ್ದೇ. ಬಿಡಿಸಿದ ಹಾಡು ಇಲ್ಲದಿದ್ದರೆ ಸಂಗ್ರಹ ಕಪಾಟಿನಲ್ಲಿಯೇ ಉಳಿಯುತ್ತದೆ. ಯಾರೂ ಕೇಳದ ಅಖಂಡ ಕಡತವೂ ಒಂದು ಬಗೆಯ ನಷ್ಟವೇ. ಆದ್ದರಿಂದ ಈ ಲೇಖನ ವಿಭಜನೆಯನ್ನು ವಿರೋಧಿಸುವುದಿಲ್ಲ. ಮೂಲವನ್ನು ಅಳಿಸಿ ಮಾಡುವ, ಲೆಕ್ಕ ಒಪ್ಪಿಸದ ವಿಭಜನೆಯನ್ನು ಮಾತ್ರ ವಿರೋಧಿಸುತ್ತದೆ. ಪಟ್ಟಿ ತಯಾರಿಸಲು ಬಿಡುವಿಲ್ಲ ಎಂಬ ಆಕ್ಷೇಪಕ್ಕೆ ಇರುವುದು ಒಂದೇ ಉತ್ತರ: ಹಾಡನ್ನು ಲಿಪ್ಯಂತರಿಸುವವರು ಹೇಗೂ ಅದನ್ನು ಹತ್ತಾರು ಸಲ ಕೇಳುತ್ತಾರೆ; ಆಗ ಗಡಿಯಾರ ನೋಡಿ ಎರಡು ಅಂಕಿ ಬರೆದುಕೊಳ್ಳುವುದು ಹೆಚ್ಚಿನ ಶ್ರಮವಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯ ನಂತರ ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಗಳು ಇನ್‌ಫ್ಲಿಬ್ನೆಟ್ ಸಂಸ್ಥೆಯ ‘ಶೋಧಗಂಗಾ’ ಭಂಡಾರ ಸೇರುತ್ತಿವೆ. ನಿಯಮ ಕೇಳುವುದು ಪ್ರಬಂಧವನ್ನು. ಪ್ರಬಂಧ ನಿಂತಿರುವ ಧ್ವನಿಯನ್ನಲ್ಲ. ಪದವಿ ಬಂದ ಮೇಲೆ ಆ ಧ್ವನಿ ಸಂಶೋಧಕನ ಮನೆಯ ಹಾರ್ಡ್ ಡಿಸ್ಕಿನಲ್ಲಿ ಉಳಿದು, ಅದು ಕೆಟ್ಟ ದಿನ ಇಲ್ಲವಾಗುತ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ, ರಾಮನಗರದ ಜಾನಪದ ಲೋಕ ಇವು ಧ್ವನಿ, ದೃಶ್ಯ ದಾಖಲೆಗಳನ್ನು ಕೂಡಿಡುವ ದಾರಿಯನ್ನು ಬಹಳ ಹಿಂದೆಯೇ ತೋರಿವೆ. ಪ್ರತಿ ಕನ್ನಡ ವಿಭಾಗವೂ ಸಂಗ್ರಹಾಲಯ ಕಟ್ಟಬೇಕಿಲ್ಲ. ಕ್ಷೇತ್ರಕಾರ್ಯ ಆಧಾರಿತ ಪ್ರಬಂಧದೊಡನೆ ಅಖಂಡ ಧ್ವನಿಮುದ್ರಣ, ಕಾಲಸೂಚಿ ಪಟ್ಟಿ, ವಿಭಜನೆಯ ತತ್ತ್ವವನ್ನು ವಿವರಿಸುವ ಎರಡು ಪುಟ, ಹಾಡಿದವರ ಒಪ್ಪಿಗೆ ಈ ನಾಲ್ಕನ್ನು ಕಡ್ಡಾಯವಾಗಿ ಪಡೆಯುವ ನಿರ್ಣಯವೊಂದನ್ನು ಅಧ್ಯಯನ ಮಂಡಳಿಗಳು ಕೈಗೊಂಡರೆ ಸಾಕು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅನುಬಂಧದ ಯಾವುದಾದರೂ ಒಂದು ಹಾಡನ್ನು ತೋರಿಸಿ, ‘ಇದಕ್ಕೆ ಹಿಂದಿನ ಐದು ನಿಮಿಷ, ಮುಂದಿನ ಐದು ನಿಮಿಷ ಕೇಳಿಸಿ’ ಎಂದು ಕೇಳುವ ವಾಡಿಕೆ ಬರಲಿ. ಆ ಹತ್ತು ನಿಮಿಷವನ್ನು ನುಡಿಸಲಾಗದ ಸಂಗ್ರಹವನ್ನು ಆಕರವೆಂದು ಒಪ್ಪಿಕೊಳ್ಳುವ ಮುನ್ನ ವಿದ್ವತ್ ವಲಯ ಇನ್ನೊಮ್ಮೆ ಯೋಚಿಸಬೇಕು.